ಮೇಷ್ಟ್ರಲ್ಲದ ಓದುಗ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಲಾಗು, ತಂತ್ರಜ್ಞಾನ, ತರಗತಿ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದವರಿಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. ನಾನು ತರಗತಿಗೆ ಬ್ಲಾಗು ತಂದ ಮೊದಲ ವರ್ಷ ಅದು ನೆಲಕಚ್ಚಿತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಆಗ ನಾನು ಮಾಡಿದ್ದು ಇಷ್ಟು. ಎಂಟನೇ ತರಗತಿಯ ಮಕ್ಕಳಿಗೆ ಒಂದು ಬ್ಲಾಗು ತೆರೆದುಕೊಟ್ಟೆ. ವಾರಕ್ಕೊಂದು ಪೋಸ್ಟ್ ಕಡ್ಡಾಯ, ಪ್ರತಿ ಪೋಸ್ಟಿಗೆ 5 ಅಂಕ, ವಿಷಯ ನಾನೇ ಕೊಡುತ್ತೇನೆ ಎಂದೆ. ಪೋಸ್ಟ್‌ಗಳು ಬಂದವು, ಇಲ್ಲವೆನ್ನುವಂತಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ನೋಟ್‌ಬುಕ್ಕಿನಲ್ಲಿದ್ದ ಪ್ರಬಂಧವೇ ಪರದೆಗೆ ಏರಿ ಕೂತಿತ್ತು. 'ಪರಿಸರ ಸಂರಕ್ಷಣೆ ನಮ್ಮೆಲ್ಲರ ಹೊಣೆ' ಎನ್ನುವ ವಾಕ್ಯ ಒಂದೇ ವಾರದಲ್ಲಿ ಹನ್ನೊಂದು ಪೋಸ್ಟ್‌ಗಳಲ್ಲಿತ್ತು. ಹನ್ನೊಂದನ್ನೂ ಓದಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಕೈಬಿಡುವ ಹೊತ್ತಿಗೆ ಒಂದು ಸಣ್ಣ ಘಟನೆ ನಡೆಯಿತು.

ಹಿಂದಿನ ಬೆಂಚಿನ ಹುಡುಗನೊಬ್ಬ ನಾನು ಕೊಟ್ಟ ವಿಷಯ ಬಿಟ್ಟು, ಸೈಕಲ್ಲಿನ ಚೈನು ಕಳಚಿದರೆ ಹಾಕುವುದು ಹೇಗೆ ಎಂದು ಎಂಟು ಸಾಲು ಬರೆದಿದ್ದ. ತಪ್ಪುಗಳು ಬೇಕಾದಷ್ಟಿದ್ದವು. ಪಕ್ಕದ ವಿಭಾಗದ ಒಬ್ಬ ಹುಡುಗಿ ಅದರ ಕೆಳಗೆ ಕೇಳಿದಳು: 'ನಮ್ಮದು ಗೇರಿನ ಸೈಕಲ್ಲು. ಗೇರು ಯಾವುದರಲ್ಲಿ ಇಟ್ಟುಕೊಳ್ಳಬೇಕು ಅಂತ ನೀನು ಹೇಳೇ ಇಲ್ಲವಲ್ಲ?' ಹುಡುಗ ಮನೆಗೆ ಹೋಗಿ ಯಾರದ್ದೋ ಗೇರಿನ ಸೈಕಲ್ಲು ಹುಡುಕಿ, ಚೈನು ಬಿಚ್ಚಿ ಹಾಕಿ ನೋಡಿ, ಹಿಂದಿನ ಚಕ್ರದ ಅತಿ ಚಿಕ್ಕ ಹಲ್ಲುಗಾಲಿಗೆ ಗೇರು ತಂದುಕೊಂಡರೆ ಚೈನು ಸಡಿಲವಾಗುತ್ತದೆ ಎಂದು ಕಂಡುಕೊಂಡು, ಇಡೀ ಪೋಸ್ಟನ್ನು ತಿದ್ದಿ ಬರೆದ. ಒಂದಲ್ಲ, ಮೂರು ಸಲ. ಆ ವರ್ಷವಿಡೀ 'ಬರೆದದ್ದನ್ನು ಇನ್ನೊಮ್ಮೆ ಓದಿ ತಿದ್ದೋ' ಎಂದು ನಾನು ಎಷ್ಟು ಬಡಕೊಂಡರೂ ಒಂದಕ್ಷರ ತಿದ್ದದವನು ಅವನು.

ನಾನು ತಿದ್ದು ಎಂದದ್ದು ಅಂಕಕ್ಕಾಗಿ. ಆ ಹುಡುಗಿ ಕೇಳಿದ್ದು ಚೈನು ಹಾಕಲಿಕ್ಕಾಗಿ. ಇವತ್ತು ನಾನು ಹೇಳುವುದೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

ಇದೇನು ಇಂಟರ್ನೆಟ್ಟು ಬಂದ ಮೇಲೆ ಹುಟ್ಟಿದ ಜ್ಞಾನವಲ್ಲ. ಸೆಲೆಸ್ತಾಂ ಫ್ರೆನೆ ಎಂಬ ಫ್ರೆಂಚ್ ಮೇಷ್ಟ್ರ ಕತೆ ಕೇಳಿ. ಮೊದಲ ಮಹಾಯುದ್ಧದಲ್ಲಿ ಎದೆಗೆ ಪೆಟ್ಟು ಬಿದ್ದು ಶ್ವಾಸಕೋಶ ಹಾಳಾಗಿತ್ತು. 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಬಂದಾಗ ಅವರಿಗೆ ಗಂಟೆಗಟ್ಟಲೆ ನಿಂತು ಪಾಠ ಹೇಳುವ ಉಸಿರೇ ಇರಲಿಲ್ಲ. ಮೇಷ್ಟ್ರಿಗೆ ಮಾತಾಡಲಾಗದಿದ್ದರೆ ತರಗತಿ ನಡೆಯುವುದು ಹೇಗೆ? ಮಕ್ಕಳನ್ನು ಹೊರಗೆ ಸುತ್ತಾಡಲು ಕರೆದುಕೊಂಡು ಹೋದರು. ಬಂದು, ಕಂಡದ್ದನ್ನು ಮಕ್ಕಳೇ ಹೇಳಿದರು, ಬರೆದರು. 1924ರಲ್ಲಿ ಫ್ರೆನೆ ಒಂದು ಸಣ್ಣ ಕೈಮುದ್ರಣ ಯಂತ್ರವನ್ನು ತರಗತಿಯೊಳಕ್ಕೆ ತಂದಿಟ್ಟರು. ಮಕ್ಕಳು ತಮ್ಮ ಬರಹವನ್ನು ತಾವೇ ಅಚ್ಚಿನ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರಗಳನ್ನು, ಜೋಡಿಸಿ ಅಚ್ಚು ಹಾಕತೊಡಗಿದರು. ಕೆಲವೇ ವರ್ಷಗಳಲ್ಲಿ ಆ ಅಚ್ಚಾದ ಹಾಳೆಗಳು ಅಂಚೆಯಲ್ಲಿ ದೇಶದ ಇನ್ನೊಂದು ಮೂಲೆಗೆ, ಅಟ್ಲಾಂಟಿಕ್ ಕಡಲ ದಂಡೆಯ ಬ್ರಿಟನಿ ಪ್ರಾಂತ್ಯದ ಶಾಲೆಯೊಂದಕ್ಕೆ ಹೋಗಿಬರುತ್ತಿದ್ದವು.

ಬೆಟ್ಟದ ಮಕ್ಕಳು ಬರೆದದ್ದನ್ನು ಕಡಲಿನ ಮಕ್ಕಳು ಓದುವುದು, ಅವರು ಬರೆದದ್ದನ್ನು ಇವರು ಓದುವುದು. ನಮಗೆ ದಿನವೂ ಕಾಣುವುದು ಅವರಿಗೆ ಕಾಣುವುದಿಲ್ಲ, ಆದ್ದರಿಂದ ಬಿಡಿಸಿ ಹೇಳಬೇಕು. ಬ್ಲಾಗಿನಲ್ಲಿ ನಾವು ಬಯಸುವುದೆಲ್ಲ ಅಲ್ಲಿ ಆಗಲೇ ಇತ್ತು, ಕರೆಂಟೊಂದು ಬಿಟ್ಟು. ಇನ್ನೂ ಒಂದು ಲಾಭ ಅವರಿಗಿತ್ತು, ನಮಗಿಲ್ಲ. ಮೊಳೆ ಜೋಡಿಸುವಾಗ ಒಂದೊಂದು ಅಕ್ಷರವನ್ನೂ ಬೆರಳಿನಲ್ಲಿ ಹಿಡಿದು ನೋಡಬೇಕು. ಕಾಗುಣಿತದ ತಪ್ಪು ತೂಕವಾಗಿ ಕೈಗೆ ಸಿಗುತ್ತಿತ್ತು. ನಮ್ಮ ಮಕ್ಕಳ ತಪ್ಪನ್ನು ಮೊಬೈಲು ತಾನೇ ತಿದ್ದಿಬಿಡುತ್ತದೆ, ಕೆಲವೊಮ್ಮೆ ಸರಿಯನ್ನೂ ತಪ್ಪು ಮಾಡಿ.

ಕತೆ ಸಾಲದು, ಪುರಾವೆ ಬೇಕು ಎನ್ನುವವರಿಗೆ 1989ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮೋಶೆ ಕೊಹೆನ್ ಮತ್ತು ಮಾರ್ಗರೆಟ್ ರೀಲ್ ಎಂಬ ಸಂಶೋಧಕರು ಇಸ್ರೇಲಿನ ಏಳನೇ ತರಗತಿಯ ಮಕ್ಕಳಿಂದ ಒಂದೇ ವಿಷಯದ ಮೇಲೆ ಎರಡು ಬರಹ ಬರೆಸಿದರು. ಒಂದು, ಪರೀಕ್ಷೆಯ ಭಾಗವಾಗಿ ತಮ್ಮ ಶಿಕ್ಷಕರಿಗೆ. ಇನ್ನೊಂದು, ಬೇರೆ ದೇಶಗಳ ಓರಗೆಯ ಮಕ್ಕಳಿಗೆ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದು ನೋಡಿದಾಗ ಗೆದ್ದದ್ದು ಓರಗೆಯವರಿಗೆ ಬರೆದದ್ದು. ಅಂಕ ಸಿಗುವ ಬರಹಕ್ಕಿಂತ ಅಂಕ ಸಿಗದ ಬರಹ ಮೇಲಾಗಿತ್ತು! ನಮಗೆ, ಅಂಕದ ಚೀಲ ಹೊತ್ತು ತಿರುಗುವವರಿಗೆ, ಇದು ಸ್ವಲ್ಪ ಅವಮಾನವೇ.

ಯಾಕೆ ಹೀಗೆ? ಯೋಚಿಸಿದರೆ ಸರಳ. ಮೇಷ್ಟ್ರಿಗೆ ಬರೆಯುವ ಮಗು, ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳಬೇಕು. ದ್ಯುತಿಸಂಶ್ಲೇಷಣೆ ಎಂದರೇನು ಎಂದು ನಾವು ಕೇಳುತ್ತೇವೆ. ನಮಗದು ಗೊತ್ತಿದೆ ಎನ್ನುವುದು ಮಗುವಿಗೂ ಗೊತ್ತು. ಹಾಗಾಗಿ ಅದು ವಿವರಿಸುವುದಿಲ್ಲ, ಒಪ್ಪಿಸುತ್ತದೆ. ನಿಜವಾಗಿಯೂ ಗೊತ್ತಿಲ್ಲದ ಒಬ್ಬರು ಓದುತ್ತಾರೆ ಎಂದಾಗ ಮಾತ್ರ 'ಇದು ಅವರಿಗೆ ಅರ್ಥವಾಗುತ್ತದೆಯೇ' ಎಂಬ ಪ್ರಶ್ನೆ ಹುಟ್ಟುತ್ತದೆ. ಬರವಣಿಗೆಯ ಪಾಠವೆಲ್ಲ ಆ ಪ್ರಶ್ನೆಯಿಂದ ಮುಂದಿನದು.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆದದ್ದು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕನ್ ಶಿಕ್ಷಣ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸರಾಸರಿ ಸುಮಾರು 1 ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಎಬ್ಬಿಸುತ್ತೇವೆ, ಇಲ್ಲವೇ ನಾವೇ ಹೇಳಿಬಿಡುತ್ತೇವೆ. ಇದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ಬಾಯಿಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಎರಡೇ ಸೆಕೆಂಡು ಹೆಚ್ಚು! ನಾಳೆ ನಿಮ್ಮ ತರಗತಿಯಲ್ಲಿ ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ನಿಧಾನವಾಗಿ ಮೂರು ಎಣಿಸಿ ನೋಡಿ. ಅದೆಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ನನಗೆ ಈಗಲೂ ಎರಡಕ್ಕೇ ನಾಲಿಗೆ ತುರಿಸುತ್ತದೆ.

ಬ್ಲಾಗು ಕಾಯುತ್ತದೆ. ಒಂದು ರಾತ್ರಿ ಕಾಯುತ್ತದೆ, ಬೇಕಾದರೆ ಒಂದು ವಾರ. ಪ್ರತಿ ತರಗತಿಯಲ್ಲೂ ಕೈ ಎತ್ತದ ಒಂದು ಮಗು ಇರುತ್ತದೆ. ಅದಕ್ಕೆ ಉತ್ತರ ಗೊತ್ತಿಲ್ಲವೆಂದಲ್ಲ. ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತದೆ. ಇಡೀ ವರ್ಷ ನನ್ನ ತರಗತಿಯಲ್ಲಿ ನಾಲ್ಕು ವಾಕ್ಯ ಆಡದ ಹುಡುಗಿಯೊಬ್ಬಳು, ಭಿನ್ನರಾಶಿಗಳನ್ನು ಕೂಡುವಾಗ ಛೇದವನ್ನು ಯಾಕೆ ಒಂದೇ ಮಾಡಿಕೊಳ್ಳಬೇಕು ಎಂದು ಎರಡು ಪುಟ ಬರೆದಳು. ಬೇರೆ ಬೇರೆ ಅಳತೆಯ ಲೋಟಗಳನ್ನು ಹೋಲಿಸಿ ಬರೆದಿದ್ದಳು. ಮುಂದಿನ ವರ್ಷದಿಂದ ಆ ಪಾಠವನ್ನು ನಾನು ಅವಳ ಲೋಟಗಳಿಂದಲೇ ಶುರು ಮಾಡುತ್ತಿದ್ದೇನೆ.

ಈಗ ಪ್ರತಿಕ್ರಿಯೆಗಳ ವಿಚಾರ. ಬ್ಲಾಗು ತೆರೆದರೆ ಮುಗಿಯಿತು, ಮಕ್ಕಳು ಒಬ್ಬರಿಗೊಬ್ಬರು ಓದಿಕೊಂಡು ಪ್ರತಿಕ್ರಿಯಿಸುತ್ತಾರೆ ಎಂದು ನಂಬಿದ್ದೆ. ಬಂದದ್ದೇನು? 'ಸೂಪರ್.' 'ಚೆನ್ನಾಗಿದೆ.' 'ಸೂಪರ್ ಸೂಪರ್.' ಹೆಬ್ಬೆರಳಿನ ಚಿತ್ರ. ಮಕ್ಕಳ ತಪ್ಪಲ್ಲ ಅದು, ದೊಡ್ಡವರು ಆನ್‌ಲೈನಿನಲ್ಲಿ ಮಾಡುವುದೂ ಅದನ್ನೇ, ಇಲ್ಲದಿದ್ದರೆ ಜಗಳ. ಪ್ರತಿಕ್ರಿಯೆ ಬರೆಯುವುದನ್ನು ಕಲಿಸಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ.

ಮರುವರ್ಷ ಕಂಪ್ಯೂಟರನ್ನು ಮುಟ್ಟುವ ಮೊದಲು ಎರಡು ವಾರ ಕಾಗದದ ಮೇಲೆ ಬ್ಲಾಗು ನಡೆಸಿದೆವು. ಬರಹವನ್ನು ಗೋಡೆಗೆ ಅಂಟಿಸುವುದು, ಕೆಳಗೆ ಚೀಟಿಗಳಲ್ಲಿ ಪ್ರತಿಕ್ರಿಯೆ. ನಿಯಮ ಎರಡೇ: ಬರಹದ ಯಾವುದಾದರೊಂದು ಸಾಲನ್ನು ಬೆರಳಿಟ್ಟು ತೋರಿಸಬೇಕು, ಬರೆದವರು ಉತ್ತರಿಸಬಹುದಾದ ಒಂದು ಪ್ರಶ್ನೆ ಬಿಡಬೇಕು. 'ಚೆನ್ನಾಗಿದೆ' ಎನ್ನಬಹುದು, ಯಾವುದು ಎಂದು ಹೇಳಿದರೆ. 'ಇರುವೆಗಳು ಸಾಲು ಬಿಟ್ಟು ಸುತ್ತು ಹಾಕಿದವು ಎಂದಿದ್ದೀಯ, ನೀನು ನೀರು ಚೆಲ್ಲಿದ ಮೇಲೋ ಮೊದಲೋ?' ಇಂಥ ಚೀಟಿ ಬಂದ ದಿನ ನಾನು ಬೇರೇನೂ ಪಾಠ ಮಾಡಲಿಲ್ಲ. ಅದನ್ನೇ ಓದಿಸಿದೆ.

ನಾವು ಬರೆಯುವ ಪ್ರತಿಕ್ರಿಯೆಗೂ ಇದು ಅನ್ವಯಿಸುತ್ತದೆ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ ಕೊಟ್ಟರು. ಟಿಪ್ಪಣಿ ಮಾತ್ರ ಸಿಕ್ಕವರ ಆಸಕ್ತಿಯೂ ಕೆಲಸವೂ ಮೇಲೇರಿತು. ಎರಡೂ ಸಿಕ್ಕವರು? ಬರೀ ಅಂಕ ಸಿಕ್ಕವರಂತೆಯೇ ಉಳಿದರು. ಅಂಕ ಕಂಡ ಕಣ್ಣಿಗೆ ಟಿಪ್ಪಣಿ ಕಾಣುವುದಿಲ್ಲ. ನನ್ನ ಮೊದಲ ವರ್ಷದ '5 ಅಂಕ' ಏನು ಮಾಡಿತ್ತು ಎನ್ನುವುದು ಇದನ್ನು ಓದಿದಾಗ ತಿಳಿಯಿತು. ಈಗ ಪೋಸ್ಟಿಗೆ ಅಂಕವಿಲ್ಲ. ಆಂತರಿಕ ಮೌಲ್ಯಮಾಪನಕ್ಕೆ ಅಂಕ ಬೇಕೇ ಬೇಕು ಎಂದಾಗ, ವರ್ಷದ ಕೊನೆಗೆ ಮಗುವೇ ತನ್ನ ಪೋಸ್ಟ್‌ಗಳಲ್ಲಿ ಮೂರನ್ನು ಆರಿಸಿ, ಯಾಕೆ ಆರಿಸಿದೆ ಎಂದು ಬರೆದು ಕೊಡುತ್ತದೆ. ಅದಕ್ಕೆ ಅಂಕ.

ಯಾವ ಸಾಧನ ಬಳಸಬೇಕು ಎಂದು ಬಹಳ ಜನ ಕೇಳುತ್ತಾರೆ. ನನಗೆ ಇದರಲ್ಲಿ ಅಷ್ಟು ರುಚಿಯಿಲ್ಲ. ಬ್ಲಾಗು ತೆರೆಯಲು ಬ್ಲಾಗರ್ ಎಂಬ ಸಾಧನ 1999ರಿಂದ ಇದೆ, ವರ್ಡ್‌ಪ್ರೆಸ್ 2003ರಿಂದ. ಎರಡೂ ಸಾಕು. ಓದುಗರನ್ನು ಆಹ್ವಾನಿತರಿಗೆ ಸೀಮಿತ ಮಾಡಲು, ಪ್ರತಿಕ್ರಿಯೆಗಳನ್ನು ನಾವು ಮೊದಲು ನೋಡಿ ಆಮೇಲೆ ಪ್ರಕಟಿಸಲು, ಬರೆದದ್ದೆಲ್ಲವನ್ನೂ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ನೋಡಿ, ಅಷ್ಟೇ. ಕೊನೆಯದನ್ನು ಮರೆಯಬೇಡಿ. ಜಿಯೋಸಿಟೀಸ್ ಎಂಬ ತಾಣದಲ್ಲಿ ಜನ ಲಕ್ಷಗಟ್ಟಲೆ ಪುಟ ಕಟ್ಟಿದ್ದರು, 2009ರಲ್ಲಿ ಬಾಗಿಲು ಹಾಕಿತು. ಪುಕ್ಕಟೆ ಜಾಗದಲ್ಲಿ ಮನೆ ಕಟ್ಟಿದವರು ಸಾಮಾನು ಎತ್ತಿಕೊಂಡು ಹೋಗಲು ಸಿದ್ಧರಿರಬೇಕು. ಅಂದಹಾಗೆ, 1997ರಲ್ಲಿ ಹುಟ್ಟಿದ 'ವೆಬ್‌ಲಾಗ್' ಎಂಬ ಪದವನ್ನು ಪೀಟರ್ ಮೆರ್‌ಹೋಲ್ಜ್ ಎನ್ನುವವರು 1999ರಲ್ಲಿ ತಮಾಷೆಗೆ 'ವೀ ಬ್ಲಾಗ್' ಎಂದು ಒಡೆದರು. ಬ್ಲಾಗ್ ಎಂಬ ಪದ ಹಾಗೆ ಬಂತು. 'ವೀ' ಎಂದರೆ ನಾವು. ತರಗತಿಗೆ ಒಪ್ಪುವ ತಮಾಷೆ.

ಸುರಕ್ಷತೆಯ ವಿಷಯ ಹಾಗೆ ಹಗುರವಾಗಿ ಹೇಳುವಂಥದ್ದಲ್ಲ. ಮಗುವಿನ ಪೂರ್ತಿ ಹೆಸರು, ಮುಖದ ಚಿತ್ರ, ಮನೆಯ ಗುರುತು, ದಿನಾ ಓಡಾಡುವ ಹೊತ್ತು ಇವು ಬ್ಲಾಗಿನಲ್ಲಿ ಇರಬಾರದು. ಪೋಷಕರ ಒಪ್ಪಿಗೆ ಬರಹದಲ್ಲಿ ಇರಲೇಬೇಕು. ಅಮೆರಿಕದಲ್ಲಿ 1998ರ ಕಾನೂನು 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ತಾಣಗಳು ಸಂಗ್ರಹಿಸುವಂತಿಲ್ಲ ಎನ್ನುತ್ತದೆ. ಅನೇಕ ತಾಣಗಳು ಖಾತೆಗೆ 13 ವರ್ಷ ಆಗಿರಬೇಕು ಎನ್ನುವುದರ ಮೂಲ ಅದು. ಬೇರೆ ದೇಶಗಳಲ್ಲಿ ವಯಸ್ಸು ಬೇರೆ, ನಿಮ್ಮಲ್ಲಿ ಎಷ್ಟು ಎಂದು ನೋಡಿಕೊಳ್ಳಿ. ಮಕ್ಕಳು ಕಾವ್ಯನಾಮ ಇಟ್ಟುಕೊಳ್ಳಲಿ. ಅವರಿಗೆ ಅದು ಬಲು ಇಷ್ಟ, ಒಂದು ಪಿರಿಯಡ್ಡು ಬರೀ ಹೆಸರು ಹುಡುಕುವುದರಲ್ಲೇ ಹೋಗುತ್ತದೆ, ಹೋಗಲಿ.

ಕಾವ್ಯನಾಮ ಎಂದಾಗ ನೆನಪಾಗುತ್ತದೆ. 2009ರ ಜನವರಿಯಲ್ಲಿ ಬಿಬಿಸಿ ಉರ್ದು ತಾಣದಲ್ಲಿ 'ಗುಲ್ ಮಕಾಯ್' ಎಂಬ ಹೆಸರಿನಲ್ಲಿ ಶಾಲಾ ಹುಡುಗಿಯೊಬ್ಬಳ ದಿನಚರಿ ಬರತೊಡಗಿತು. ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ತಾಲಿಬಾನ್ ಹೆಣ್ಣುಮಕ್ಕಳ ಶಾಲೆ ಮುಚ್ಚಿಸುತ್ತಿದ್ದ ದಿನಗಳು. ಬರೆಯುತ್ತಿದ್ದವಳು 11 ವರ್ಷದ ಮಲಾಲಾ ಯೂಸುಫ್‌ಝೈ. ಅವಳು ಕಾಗದದ ಮೇಲೆ ಬರೆದದ್ದನ್ನು ವರದಿಗಾರರೊಬ್ಬರು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು. ಜಗತ್ತೇ ಓದಿದ ಬ್ಲಾಗು ಶುರುವಾದದ್ದು ಕೈಬರಹದ ಹಾಳೆಯಿಂದ. ನಮ್ಮ ಶಾಲೆಯಲ್ಲಿ ಲ್ಯಾಬು ಇಲ್ಲ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಹಾಳೆ ಕಣ್ಣಮುಂದೆ ಬರುತ್ತದೆ. ಜತೆಗೆ ಆ ಹೆಸರು ಬಯಲಾದ ಮೇಲೆ, 2012ರಲ್ಲಿ ಅವಳ ಮೇಲೆ ಗುಂಡು ಹಾರಿದ್ದೂ. ಓದುಗ ಎಂದರೆ ಒಳ್ಳೆಯ ಓದುಗನೇ ಆಗಿರಬೇಕಿಲ್ಲ.

ಯಂತ್ರಗಳ ಮೇಲಿನ ನಂಬಿಕೆಯ ಬಗ್ಗೆ ಒಂದೆರಡು ಮಾತು. 1913ರಲ್ಲಿ ಥಾಮಸ್ ಎಡಿಸನ್, ಸಿನಿಮಾ ಬಂದಿದೆ, ಇನ್ನು ಶಾಲೆಗಳಲ್ಲಿ ಪುಸ್ತಕ ಬೇಕಾಗುವುದಿಲ್ಲ, ಹತ್ತು ವರ್ಷದಲ್ಲಿ ಶಾಲೆಯೇ ಪೂರ್ತಿ ಬದಲಾಗುತ್ತದೆ ಎಂದಿದ್ದರು. ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಲ್ಲಿ ಲಕ್ಷಗಟ್ಟಲೆ ಯಂತ್ರ ಹಂಚಿತು. ಅಲ್ಲಿನ 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಮೌಲ್ಯಮಾಪನ 2012ರಲ್ಲಿ ಹೊರಬಂದಾಗ, ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಯಂತ್ರ ಕೊಟ್ಟರು, ಅದರಿಂದ ಏನು ಮಾಡಬೇಕು ಎನ್ನುವುದು ಶಿಕ್ಷಕರ ಕೈಗೆ ಸರಿಯಾಗಿ ತಲುಪಲಿಲ್ಲ. ನಮ್ಮ ಸ್ಮಾರ್ಟ್ ಬೋರ್ಡುಗಳ ಕತೆ ಬೇರೆಯೇ? ನಾನು ಕಂಡ ಹೆಚ್ಚಿನವು ದುಬಾರಿ ಕರಿಹಲಗೆಗಳು. ಹೇಳುವವರು ಮೇಷ್ಟ್ರೇ, ಬರೆದುಕೊಳ್ಳುವವರು ಮಕ್ಕಳೇ.

ಲಿಂಕು ಕೊಡುವುದು, ಚಿತ್ರ ಬಳಸುವುದು ಇವನ್ನೂ ಬ್ಲಾಗು ಕಲಿಸುತ್ತದೆ. 'ಈ ಫೋಟೋ ಯಾರದು?' ಎಂದರೆ ಮಕ್ಕಳು 'ಗೂಗಲ್‌ದು ಸರ್' ಎನ್ನುತ್ತಾರೆ. ತೆಗೆದವರೊಬ್ಬರಿದ್ದಾರೆ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದರೆ ಹೆಸರು ಹೇಳಿ ಬಳಸಬಹುದು ಎಂದು ತಿಳಿಸಲು ಹತ್ತು ನಿಮಿಷ ಸಾಕು. ತನ್ನ ಬರಹವನ್ನು ಇನ್ನೊಬ್ಬ ಹೆಸರು ಹೇಳದೆ ಎತ್ತಿಕೊಂಡ ದಿನ ಮಗುವಿಗೆ ಅದು ಪೂರ್ತಿ ಅರ್ಥವಾಗುತ್ತದೆ.

ಮಾತು ಇಲ್ಲಿಗೆ ನಿಲ್ಲಿಸಿದೆ, ಪ್ರಶ್ನೆಗಳು ಶುರುವಾದವು.

ತಪ್ಪುಗಳಿರುವ ಬರಹವನ್ನು ಎಲ್ಲರೂ ನೋಡುವ ಹಾಗೆ ಹಾಕಿದರೆ ಶಾಲೆಯ ಮರ್ಯಾದೆ ಏನಾಗಬೇಕು ಎಂದು ಒಬ್ಬರು ಕೇಳಿದರು. ನನಗೂ ಆ ಭಯವಿತ್ತು, ಎಲ್ಲವನ್ನೂ ನಾನೇ ತಿದ್ದಿ ಹಾಕುತ್ತಿದ್ದೆ. ಆಗ ಅದು ನನ್ನ ಬರಹವಾಗುತ್ತಿತ್ತು, ಮಕ್ಕಳು ಮತ್ತೆ ಅದರತ್ತ ತಿರುಗಿ ನೋಡುತ್ತಿರಲಿಲ್ಲ. ಈಗ ಜೋಡಿಗಳಲ್ಲಿ ಒಬ್ಬರದನ್ನು ಇನ್ನೊಬ್ಬರು ತಿದ್ದುತ್ತಾರೆ, ನಾನು ಅರ್ಥ ಕೆಡಿಸುವ ತಪ್ಪನ್ನು ಮಾತ್ರ ತೋರಿಸುತ್ತೇನೆ. ಒಂದೆರಡು ಉಳಿಯುತ್ತವೆ. ಪತ್ರಿಕೆಗಳಲ್ಲಿ ಉಳಿಯುವಷ್ಟೇ.

ಕಂಪ್ಯೂಟರು ಒಂದೇ ಇದ್ದರೆ? ಒಂದೇ ಸಾಕು. ದಿನಕ್ಕೊಬ್ಬರು ತರಗತಿಯ ಲಿಪಿಕಾರರಾಗಲಿ, ಆ ದಿನ ನಡೆದ ಪಾಠವನ್ನು ಗೈರುಹಾಜರಾದ ಸಹಪಾಠಿಗಾಗಿ ಬರೆಯಲಿ. ಅಲ್ಲಿಗೆ ಓದುಗನೂ ಸಿಕ್ಕ. ಜ್ವರ ಬಂದು ಮಲಗಿದವನಿಗಿಂತ ಒಳ್ಳೆಯ ಓದುಗ ಬೇಕೆ? ಅವನಿಗೆ ನಿಜಕ್ಕೂ ಗೊತ್ತಿರುವುದಿಲ್ಲ.

ಚಾಟ್‌ಜಿಪಿಟಿಯ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. 2022ರ ನವೆಂಬರಿನಲ್ಲಿ ಅದು ಬಂದ ಮೇಲೆ, ಮಕ್ಕಳೇ ಬರೆದದ್ದೆಂದು ಹೇಗೆ ನಂಬುವುದು? ಪತ್ತೆ ಹಚ್ಚುವ ತಂತ್ರಾಂಶಗಳ ಮೇಲೆ ಭರವಸೆ ಇಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅಂಥ ಸಾಧನ ನಂಬಿ ಪ್ರಾಮಾಣಿಕ ಮಗುವನ್ನು ಕಳ್ಳ ಎಂದರೆ ಆ ಗಾಯ ಮಾಯುವುದಿಲ್ಲ. ನಾನು ಮಾಡುವುದು: ಮೊದಲ ಕರಡು ತರಗತಿಯಲ್ಲೇ, ಕೈಯಲ್ಲೇ. ವಿಷಯ, ಮಗು ತಾನೇ ನೋಡಿದ್ದು, ಅಳೆದದ್ದು, ಕೆಡಿಸಿ ಸರಿಮಾಡಿದ್ದು. ವರ್ಡ್‌ಪ್ರೆಸ್‌ನಲ್ಲಿ ಹಳೆಯ ಕರಡುಗಳು ಉಳಿದಿರುತ್ತವೆ, ಬರಹ ಬೆಳೆದ ದಾರಿ ಕಾಣುತ್ತದೆ. ಆಮೇಲೂ ಯಂತ್ರದಿಂದ ಬರೆಸಿ ತಂದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಕೆಳಗೆ ಸಹಪಾಠಿ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಾಗದೆ ಒದ್ದಾಡಿದವನನ್ನೂ ನೋಡಿದ್ದೇನೆ. ನಾನು ಏನೂ ಹೇಳಬೇಕಾಗಲಿಲ್ಲ.

ಕೊನೆಯಲ್ಲಿ ಯುವ ಶಿಕ್ಷಕಿಯೊಬ್ಬರು ಎದ್ದು, 'ಮಕ್ಕಳು ಬರೆಯುವುದು ಸರಿ ಸರ್, ನೀವು ಬರೆಯುತ್ತೀರಾ?' ಎಂದರು. ಬರೆಯುತ್ತೇನೆ, ಅದೇ ಬ್ಲಾಗಿನಲ್ಲಿ, ತಿಂಗಳಿಗೊಂದು. ಮಕ್ಕಳಿಗೆ ಅದರಲ್ಲಿ ತಪ್ಪು ಹುಡುಕುವುದೆಂದರೆ ಹಬ್ಬ. ಕಳೆದ ಬಾರಿ ಮಳೆಯ ನೀರು ಅಳೆದದ್ದರ ಬಗ್ಗೆ ಬರೆದಿದ್ದೆ. ಎರಡು ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿ ಒಬ್ಬ ಕೆಳಗೆ ಬರೆದ: 'ಸರ್, ಮೂರನೇ ಪ್ಯಾರಾದಲ್ಲಿ ಅಳತೆ ಬಿಟ್ಟು ಬರೀ ಉಪದೇಶ ಇದೆ. ಅದು ಯಾರಿಗಾಗಿ?'

ಉತ್ತರ ಇನ್ನೂ ಬರೆದಿಲ್ಲ. ಪ್ಯಾರಾ ಮಾತ್ರ ತೆಗೆದಿದ್ದೇನೆ.